ಮಸ್ಕತ್ತಿನವರೆಗೆ ಹೊತ್ತುಕೊಂಡು ಹೋದ ಮಾತು

ಬಾಳೂರು

ನಾನು ಹೊರದೇಶ ನೋಡಿದ್ದು ಒಂದೇ ಸಲ, ಅದೂ ಆರು ದಿನ. ಹೋಗಿ ಬಂದವರು ಕಡಲು, ಕೋಟೆ, ಬಜಾರು ಅಂತ ಬರೆಯುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. "ಮಸ್ಕತ್ತಿನಲ್ಲಿ ಎಂತ ನೋಡಿದ್ರಿ ಮೇಷ್ಟ್ರೇ?" ಎಂದು ಕೇಳಿದವರಿಗೆ ಇಷ್ಟು ವರ್ಷ "ಬಿಸಿಲು" ಎಂದು ಹೇಳಿ ಜಾರಿಕೊಂಡಿದ್ದೇನೆ. ಅಲ್ಲಿ ನಾನು ಮಾಡಿದ ಕೆಲಸದ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬಾಳೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ದೊಡ್ಡ ತರಗತಿಗಳಿಗೆ ಫ್ರೇಸಲ್ ವರ್ಬ್ ಕಲಿಸುವಾಗ ಹಲಗೆಯ ಮೇಲೆ ‘ಪಾಸ್ ಅವೇ’ ಎಂದು ಬರೆದು, ಅದೇ ಅರ್ಥದ ಬೇರೆ ಮಾತುಗಳನ್ನು ಕೆಳಗೆ ಸಾಲಾಗಿ ಬರೆಸುತ್ತಿದ್ದೆ. ಪಾಸ್ ಆನ್, ಎಕ್ಸ್‌ಪೈರ್, ಬ್ರೀದ್ ಒನ್ಸ್ ಲಾಸ್ಟ್. "ಸಾವಿನ ಸುದ್ದಿ ಹೇಳುವಾಗ ‘ಡೈ’ ಅನ್ನಬಾರದು, ಅದು ಒರಟು. ‘ಪಾಸ್ಡ್ ಅವೇ’ ಅನ್ನಬೇಕು, ಅದು ಮರ್ಯಾದೆ" ಎಂದು ಒತ್ತಿ ಹೇಳುತ್ತಿದ್ದೆ. ಮಕ್ಕಳಿಗೆ ಹಿಡಿಯಲೆಂದು ಕನ್ನಡವನ್ನೂ ತರುತ್ತಿದ್ದೆ. ನಾಯಿ ಸಾಯುತ್ತದೆ, ಪಕ್ಕದ ಮನೆ ಅಜ್ಜ ತೀರಿಕೊಳ್ಳುತ್ತಾರೆ, ಎಸ್ಟೇಟಿನ ಸಾಹುಕಾರರು ಮಾತ್ರ ದೈವಾಧೀನರಾಗುತ್ತಾರೆ. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಸ್ಟಾಫ್ ರೂಮಿನ ಫೋನು ಬಡಿದುಕೊಂಡಿತು. ದೂರದ ಗಂಡಸಿನ ದನಿ, ನಿಧಾನದ ಇಂಗ್ಲಿಷು. "ಮಿಸ್ಟರ್ ನಾಗೇಶ್ ಪಾಸ್ಡ್ ಅವೇ ದಿಸ್ ಮಾರ್ನಿಂಗ್, ಸರ್."

ನಾಗೇಶ ನಮ್ಮ ಊರಿನವನು. ಕುದುರೆಮುಖದ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ಗಣಿ ನಿಂತ ಮೇಲೆ ಒಂದು ವರ್ಷ ತನ್ನ ಎರಡೆಕರೆ ಕಾಫಿಯಲ್ಲಿ ಚಿಗುರು ತೆಗೆಯುತ್ತಾ ಕೂತಿದ್ದು, ಆಮೇಲೆ ಮಸ್ಕತ್ತಿನ ಹತ್ತಿರದ ಒಂದು ಕಲ್ಲುಕ್ವಾರಿಗೆ ಹೋಗಿದ್ದ. ಮನೆಯಲ್ಲಿ ಫೋನಿರಲಿಲ್ಲ. ಇಂಗ್ಲಿಷ್ ಬಲ್ಲವರು ಎತ್ತಲಿ ಎಂದು ಸ್ಕೂಲಿನ ನಂಬರು ಕೊಟ್ಟಿದ್ದ. ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲವಂತೆ. ನಾನು ‘ಎಸ್, ಎಸ್’ ಎನ್ನುತ್ತಿದ್ದಾಗ ಗೋಡೆಯಾಚೆ ಒಂಬತ್ತನೇ ತರಗತಿ ಗಟ್ಟಿಯಾಗಿ ಪದ್ಯ ಓದುತ್ತಿತ್ತು. ಆ ದನಿಗಳಲ್ಲಿ ನಾಗೇಶನ ಮಗಳು ಸುಮಳದೂ ಒಂದು.

ನೇರ ನಾಗೇಶನ ಅಣ್ಣ ರಾಮೇಗೌಡರ ಕಣಕ್ಕೆ ಹೋದೆ. ಅವರು ಕೇಳಿ, ಒಣಗಲು ಹರಡಿದ್ದ ಕಾಫಿಯ ಮೇಲೇ ಕೂತುಬಿಟ್ಟರು. ಮುಖ ಒರೆಸಿಕೊಂಡು, "ಲಲಿತಂಗೆ ಈಗ್ಲೇ ಹೇಳೋದು ಬೇಡ ಮೇಷ್ಟ್ರೇ. ಸೀರಿಯಸ್ ಅಂತೆ ಅನ್ನಿ" ಎಂದರು.

ಇದು ನಮ್ಮ ಕಡೆಯ ಪದ್ಧತಿ. ಮಂಗಳೂರಿನ ಆಸ್ಪತ್ರೆಯಲ್ಲಿ ಯಾರಾದರೂ ಹೋದರೆ ಮನೆಯವರಿಗೆ "ಸ್ವಲ್ಪ ಸೀರಿಯಸ್ ಅಂತೆ, ಹೊರಟು ಬನ್ನಿ" ಎಂದೇ ಹೇಳಿಕಳಿಸುವುದು. ಹೇಳಿದವನಿಗೂ ಗೊತ್ತು, ಕೇಳಿದವರಿಗೂ ಅರ್ಧ ಗೊತ್ತು. ಜೀಪು ಕೊನೆಯ ತಿರುವು ದಾಟಿದಾಗ ಅಂಗಳದಲ್ಲಿ ಜನ ನಿಂತಿರುವುದು ಕಾಣುತ್ತದೆ, ಆಗ ಉಳಿದರ್ಧವೂ ತಿಳಿಯುತ್ತದೆ. ಯಾರೂ ಬಾಯಿ ಬಿಡಬೇಕಾಗಿಲ್ಲ. ಹೇಳುವ ಕಷ್ಟವನ್ನು ಅಂಗಳದ ಜನರೆಲ್ಲ ಹಂಚಿಕೊಂಡ ಹಾಗೆ. ನಾನು ಇದನ್ನು ಬಹಳ ಒಳ್ಳೆಯ ಪದ್ಧತಿ ಎಂದೇ ತಿಳಿದಿದ್ದವನು.

ಸೀರಿಯಸ್ ಅಂತೆ ಎಂದಾಗ ನಾಗೇಶನ ಹೆಂಡತಿ ಲಲಿತಮ್ಮ ಅಳಲಿಲ್ಲ. "ಸೀರಿಯಸ್ ಅಂದ್ರೆ ನಾ ಹೋಗ್ಬೇಕು" ಎಂದಳು. ಬೇಸಿಗೆಯಲ್ಲಿ ಎರಡು ತಿಂಗಳು ಕರೆಸಿಕೊಳ್ಳುತ್ತೇನೆಂದು ನಾಗೇಶ ಅವಳಿಗೆ ಪಾಸ್‌ಪೋರ್ಟು, ವೀಸಾ ಎಲ್ಲ ಮಾಡಿಸಿಟ್ಟಿದ್ದ. ಕಂಪನಿಯವರೂ, ಹೆಂಡತಿಯೇ ಬಂದು ಸಹಿ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂದಿದ್ದರು. ಊರಲ್ಲಿ ಇನ್ನು ಪಾಸ್‌ಪೋರ್ಟು ಇದ್ದದ್ದು ನನಗೊಬ್ಬನಿಗೇ. ದುಬೈಯಲ್ಲಿರುವ ಅಕ್ಕನ ಮಗ ಕರೆಯುತ್ತೇನೆಂದು ಮಾಡಿಸಿ, ಕರೆಯದೆ ಬಿಟ್ಟ ಪಾಸ್‌ಪೋರ್ಟು ಅದು. ನನ್ನ ವೀಸಾ ಸೋಮವಾರ ಬಂತು.

"ಅಲ್ಲಿ ಮುಟ್ಟೋವರೆಗೂ ಬಾಯಿ ಬಿಡಬೇಡಿ. ಹೆಂಗಸು, ದಾರೀಲಿ ಏನಾದ್ರೂ ಮಾಡ್ಕೊಂಡ್ರೆ?" ಎಂದು ರಾಮೇಗೌಡರು ನನ್ನ ಕೈ ಹಿಡಿದುಕೊಂಡು ಕೇಳಿದರು. ಮಾತಿನ ಮೇಲೆ ಹಿಡಿತ ಇರುವ ಮನುಷ್ಯ ನಾನು, ಸಮಯ ನೋಡಿ ಮೆತ್ತಗೆ ಹೇಳಿದರಾಯಿತು ಎಂದುಕೊಂಡು ಒಪ್ಪಿದೆ.

ಮಂಗಳವಾರ ಬೆಳಿಗ್ಗೆ ಜೀಪಿನ ಹತ್ತಿರ ಊರಿಗೆ ಊರೇ ಬಂದಿತ್ತು. ಒಬ್ಬಾಕೆ ಲಲಿತಮ್ಮನ ಹಣೆಗೆ ಕುಂಕುಮ ಹಚ್ಚಿದಳು. ಇನ್ನೊಬ್ಬಾಕೆ ಹೊಸ ಹಸಿರು ಬಳೆ ತೊಡಿಸಿದಳು. ಮೂರು ನಾಲ್ಕು ಮಂದಿ ಒಬ್ಬರ ಮೇಲೊಬ್ಬರು ಸೇವಂತಿಗೆ ಮುಡಿಸಿದರು. "ಇದೆಂತ ಮಾರಾಯ್ತಿ, ನಾನೇನು ಮದುವೆಗೆ ಹೊರಟಿದ್ದೇನಾ?" ಎಂದು ಅವಳು ಸಂಕೋಚದಿಂದ ಕೊಸರಿದಳು. ನಾನು ಜೀಪಿನ ಚಕ್ರವನ್ನೇ ನೋಡುತ್ತಿದ್ದೆ.

ಚಾರ್ಮಾಡಿ ಘಾಟಿ

ಘಾಟಿಯಲ್ಲಿ ಮಂಜು. ಜೀಪು ಹಾರನ್ನು ಹಾಕುತ್ತಾ ಇಳಿಯುತ್ತಿತ್ತು. ಲಲಿತಮ್ಮನ ಮಡಿಲಲ್ಲಿ ಒಂದು ಚೀಲ. ಅದರಲ್ಲಿ ಒಗೆದು ಇಸ್ತ್ರಿ ಮಾಡಿದ ನಾಗೇಶನ ನೀಲಿ ಅಂಗಿ, ತೋಟದ ಕಾಫಿಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಕಷಾಯದ ಪುಡಿ, ಹೊರನಾಡಿನ ಪ್ರಸಾದ. ಎರಡನೇ ತಿರುವು ಕಳೆದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ಒಂದ್ ಮಾತು ಕೇಳ್ತೀನಿ. ನಮ್ಮೂರಲ್ಲಿ ಸೀರಿಯಸ್ ಅಂದ್ರೆ ಎಂತ ಅಂತ ನಂಗೂ ಗೊತ್ತದೆ. ನೀವು ಫೋನಲ್ಲಿ ಮಾತಾಡಿದೋರು. ಜೀವ ಅದೆ ತಾನೆ?"

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅವಳೇ ಬಾಗಿಲು ತೆಗೆದು ಕೊಟ್ಟಿದ್ದಳು. ಹಿಂದಿರುಗಿದರೆ ಒಂದು ಗಂಟೆಯಲ್ಲಿ ಮನೆ, ಅಳಲು ತನ್ನ ಜನ. ನಾನು ಹೊರಗಿನ ಮಂಜಿನ ಕಡೆ ಮುಖ ತಿರುಗಿಸಿದೆ.

"ಅದೆ" ಎಂದೆ.

ಅವಳು ಉಸಿರು ಬಿಟ್ಟು ಸೀಟಿಗೆ ಒರಗಿದಳು. ಕೊಟ್ಟಿಗೆಹಾರದಲ್ಲಿ ಬೇಡವೆಂದಿದ್ದ ಇಡ್ಲಿಯ ಪೊಟ್ಟಣವನ್ನು ಬಿಚ್ಚಿ ನನಗೂ ಒಂದು ಕೊಟ್ಟಳು.

ವಿಮಾನ

ವಿಮಾನದಲ್ಲಿ ಬೆಲ್ಟು ಹಾಕುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವಳ ಬೆಲ್ಟಿನ ಒಂದು ತುದಿಯನ್ನು ನನ್ನ ಬೆಲ್ಟಿನ ಇನ್ನೊಂದು ತುದಿಗೆ ಸಿಕ್ಕಿಸಿಕೊಂಡು ಕೂತಿದ್ದೆವು. ಗಗನಸಖಿ ಬಂದು ಬಿಡಿಸುವಾಗ ಲಲಿತಮ್ಮ ನಕ್ಕಳು. "ಊರಲ್ಲಿ ಗೊತ್ತಾದ್ರೆ ನಿಮ್ಮ ಮನೆಯೋರು ನನ್ನ ಬಿಡಲ್ಲ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಐದು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಊಟ ಬಂತು. ಅವಳು ತಟ್ಟೆಯನ್ನು ಹಾಗೇ ಇಟ್ಟುಕೊಂಡಿದ್ದಳು. "ಅವರು ಅಲ್ಲಿ ಮಲಗಿದ್ದಾರೆ, ನಾ ಹೆಂಗೆ ಕೋಳಿ ತಿನ್ಲಿ?" ನಾನು ಮೇಷ್ಟ್ರಲ್ಲವೇ, ಬುದ್ಧಿ ಹೇಳಿದೆ. ನೀವು ಗಟ್ಟಿಯಾಗಿದ್ದರೆ ತಾನೆ ಅವರನ್ನು ನೋಡಿಕೊಳ್ಳುವುದು ಎಂದೆ. ಅವಳು ತಿಂದಳು. ಸೂತಕದಲ್ಲಿರುವ ಹೆಂಗಸಿಗೆ ನಾನೇ ಒತ್ತಾಯ ಮಾಡಿ ಕೋಳಿ ತಿನ್ನಿಸಿದೆ. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಮಸ್ಕತ್ತಿನ ಬಾಗಿಲು

ಇಳಿದ ಮೇಲೆ ಸುಂಕದವರು ಚೀಲ ಬಿಚ್ಚಿಸಿದರು. ಬಿಳಿ ನಿಲುವಂಗಿ, ತಲೆಗೆ ಕಸೂತಿ ಟೋಪಿ ಹಾಕಿದ್ದ ಅಧಿಕಾರಿ ಕಷಾಯದ ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಮೆಣಸು, ಶುಂಠಿಯ ಘಾಟಿಗೆ ಮೂರು ಸಲ ಸೀನಿದ. ಏನಿದು ಎಂದ. ಔಷಧಿ, ಈಕೆಯ ಗಂಡನಿಗೆ ಎಂದೆ. ಗಂಡ ಎಲ್ಲಿ ಎಂದ. ಆಸ್ಪತ್ರೆಯಲ್ಲಿ ಎಂದೆ. ಕಾಗದ ತೋರಿಸು ಎಂದು ಕೈ ಚಾಚಿದ.

ನನ್ನ ಹತ್ತಿರ ಇದ್ದದ್ದು ಕಂಪನಿಯ ಪತ್ರ ಒಂದೇ. ಅದರ ಎರಡನೇ ಸಾಲಿನಲ್ಲಿ ‘ಡಿಮೈಸ್’, ಅಂದರೆ ನಿಧನ, ಎಂದಿತ್ತು, ನಾಲ್ಕನೆಯದರಲ್ಲಿ ‘ಲೇಟ್ ಮಿಸ್ಟರ್ ನಾಗೇಶ್’ ಎಂದಿತ್ತು. ಓದಿದ. ನನ್ನನ್ನು ನೋಡಿದ. ಪಕ್ಕದಲ್ಲಿ ಬಾಡಿದ ಸೇವಂತಿಗೆ ಮುಡಿದುಕೊಂಡು, ಬಾಟಲಿ ಕಿತ್ತುಕೊಳ್ಳುತ್ತಾರೇನೋ ಎಂಬ ಆತಂಕದಲ್ಲಿ ನಿಂತಿದ್ದ ಲಲಿತಮ್ಮನನ್ನು ನೋಡಿದ. ಆಮೇಲೆ ಬಾಟಲಿಗೆ ಮುಚ್ಚಳ ಹಾಕಿ, ಅಂಗಿಯ ಮಡಿಕೆ ಕೆಡದ ಹಾಗೆ ಚೀಲದಲ್ಲಿಟ್ಟು, ತಾನೇ ಜಿಪ್ಪು ಎಳೆದು ಅವಳ ಕೈಗೆ ಕೊಟ್ಟ.

"ಒಳ್ಳೆ ಜನ ಇದ್ದಾರೆ ಇಲ್ಲಿ. ಇನ್ನು ಭಯ ಇಲ್ಲ" ಎಂದಳು ಲಲಿತಮ್ಮ.

ಕಾಫಿ

ನಮ್ಮನ್ನು ಕರೆದೊಯ್ಯಲು ಬಂದಿದ್ದ ಡ್ರೈವರು ವಯಸ್ಸಾದವನು, ಹೆಸರು ಸಾಲಿಂ. ಕಂಡ ಕೂಡಲೇ ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿ ಅರಬ್ಬಿಯಲ್ಲಿ ಏನೋ ಹೇಳಿದ. ಆಮೇಲೆ ಹರಕು ಇಂಗ್ಲಿಷಿನಲ್ಲಿ, "ಗಾಡ್ ಗಿವ್, ಗಾಡ್ ಟೇಕ್" ಎಂದ.

"ಎಂತ ಅಂದ್ರು?"

"ದೇವರು ಒಳ್ಳೇದು ಮಾಡ್ತಾನೆ ಅಂದ್ರು."

ಇಂಗ್ಲಿಷು ಬರುತ್ತದೆಂದು ಜೊತೆಗೆ ಕಳಿಸಿದ ಮನುಷ್ಯ ನಾನು. ಆ ಊರಿನಲ್ಲಿ ಅವಳ ಕಿವಿಗೆ ಏನು ಬೀಳಬೇಕು, ಏನು ಬೀಳಬಾರದು ಎನ್ನುವುದು ನನ್ನ ನಾಲಿಗೆಯ ಮೇಲಿತ್ತು. ಎದುರಿಗೆ ಬಂದವರೆಲ್ಲ ಒಂದೊಂದು ಬಗೆಯಲ್ಲಿ ಅದನ್ನೇ ಹೇಳುತ್ತಿದ್ದರು. ನಾನು ಪಾಠ ಮಾಡುತ್ತಿದ್ದ ಪಟ್ಟಿಯೇ ಎದ್ದು ಬಂದು ಎದುರು ನಿಂತ ಹಾಗಿತ್ತು. ಅತಿಥಿಗಳ ಕೋಣೆ ತೋರಿಸಿದವನು "ಸಾರಿ ಫಾರ್ ಯುವರ್ ಲಾಸ್" ಎಂದ. ಪ್ರಯಾಣ ಹೇಗಾಯಿತು ಅಂತ ಕೇಳುತ್ತಿದ್ದಾನೆ ಎಂದೆ. ನಾಗೇಶನ ಜೊತೆ ಕೆಲಸ ಮಾಡುತ್ತಿದ್ದ ಬಂಗಾಳಿಯೊಬ್ಬ ಕಣ್ಣು ತುಂಬಿಕೊಂಡು "ಗುಡ್ ಮ್ಯಾನ್, ಗಾನ್" ಎಂದ. ಕೆಲಸದ ಹೊತ್ತಾಯಿತು, ಹೊರಟೆ ಅಂದ ಎಂದೆ.

"ಇವತ್ತೇ ಆಸ್ಪತ್ರೆಗೆ ಹೋಗೋಣ" ಎಂದಳು. ನಾಳೆ ಬೆಳಿಗ್ಗೆ ಆಫೀಸಿನಿಂದ ಕಾಗದ ಕೊಡದೆ ಬಿಡುವುದಿಲ್ಲವಂತೆ ಎಂದೆ. ಅಷ್ಟು ಮಟ್ಟಿಗೆ ಅದು ನಿಜವೇ.

ದಾರಿಯುದ್ದಕ್ಕೂ ಬೋಳು ಗುಡ್ಡಗಳು. ಒಂದು ಹುಲ್ಲಿನ ಎಸಳಿಲ್ಲ. "ನಮ್ಮ ಗುಡ್ಡಾನೂ ಗಣಿ ಹತ್ರ ಹಿಂಗೇ ಅಲ್ವಾ? ಅವರಿಗೆ ಹೊಸದು ಅನ್ಸಿರಲ್ಲ ಬಿಡಿ" ಎಂದು ಅವಳು ಗಂಡನ ಪರವಾಗಿ ಸಮಾಧಾನ ಪಟ್ಟುಕೊಂಡಳು.

ಸಂಜೆ ಸಾಲಿಂ ತನ್ನ ಮನೆಯಿಂದ ಖರ್ಜೂರದ ತಟ್ಟೆ, ಉದ್ದ ಮೂತಿಯ ಕಾಫಿ ಹೂಜಿ ತಂದ. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಹೊಂಬಣ್ಣದ ಏಲಕ್ಕಿ ನೀರು ಸುರಿದ. ಹಾಲಿಲ್ಲ, ಸಕ್ಕರೆಯಿಲ್ಲ. ಕಾಫಿ ಬೆಳೆಯುವ ನಮಗೆ ಅದು ಕಾಫಿ ಎಂದು ನಂಬುವುದೇ ಕಷ್ಟವಾಯಿತು. ಲಲಿತಮ್ಮ ಕುಡಿದು ಬಟ್ಟಲು ಕೆಳಗಿಟ್ಟಳು. ಅವನು ಮತ್ತೆ ತುಂಬಿಸಿದ. ಕುಡಿದಳು. ಮತ್ತೆ ತುಂಬಿಸಿದ. ಆರನೆಯ ಬಟ್ಟಲಿಗೆ ಅವಳು "ಸಾಕು ಅಂತ ಹೇಳಿ ಮೇಷ್ಟ್ರೇ, ನಂಗೆ ಜೀವ ಹೋಗ್ತದೆ" ಎಂದು ನಗತೊಡಗಿದಳು. ಸಾಕೆನ್ನಲು ಬಟ್ಟಲನ್ನು ಅಲ್ಲಾಡಿಸಬೇಕಂತೆ. ಅವನೇ ತೋರಿಸಿಕೊಟ್ಟ. ಅವಳು ಬಟ್ಟಲು ಅಲ್ಲಾಡಿಸಿ, "ಇವರಿಗೆ ಹುಷಾರಾದ ಮೇಲೆ ನಮ್ಮ ಪುಡೀಲಿ ಒಂದ್ ಲೋಟ ಮಾಡಿ ಈ ಅಜ್ಜಂಗೂ ಕೊಡ್ಬೇಕು" ಎಂದಳು.

ಅವಳು ನಗುತ್ತಿದ್ದಾಗ ಸಾಲಿಂ ನನ್ನ ಮುಖ ನೋಡುತ್ತಿದ್ದ. ಅವರಲ್ಲಿ ಸಾವಾದ ಮನೆಗೆ ಬಂದವರಿಗೂ ಇದೇ ಖರ್ಜೂರ, ಇದೇ ಕಾಫಿ ಕೊಡುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಆಫೀಸು

ಬುಧವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು ಬಂದಳು. ಚೀಲ ಕೈಯಲ್ಲೇ ಇತ್ತು. ದಾರಿಯಲ್ಲಿ ಹೇಳಿಬಿಡಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡೆ. ನಿಜ ಹೇಳುತ್ತೇನೆ, ಆಸ್ಪತ್ರೆಯ ಬಾಗಿಲಲ್ಲಿ ಜನ ನಿಂತಿರುತ್ತಾರೆ, ಅವಳಿಗೇ ತಿಳಿಯುತ್ತದೆ ಎಂದು ನಾನು ಇನ್ನೂ ಕಾಯುತ್ತಿದ್ದೆ. ಆ ಊರಿನಲ್ಲಿ ನಮಗೆ ಅಂಗಳವೂ ಇರಲಿಲ್ಲ, ಅದರಲ್ಲಿ ನಿಲ್ಲುವ ಜನವೂ ಇರಲಿಲ್ಲ.

ಆಫೀಸಿನಲ್ಲಿ ಕಾಗದ ನೋಡುತ್ತಿದ್ದವನು ಫಿಲಿಪೀನ್ಸಿನ ಸಣ್ಣ ವಯಸ್ಸಿನ ಗುಮಾಸ್ತ. ಫೋನಿನಲ್ಲಿ ಮಾತಾಡಿದ್ದ ನಿಧಾನದ ದನಿ ಅವನದೇ. ಒಂದು ಫಾರಂ ಮುಂದಿಟ್ಟ. ತಲೆಬರಹದಲ್ಲಿ ‘ಹ್ಯೂಮನ್ ರಿಮೇನ್ಸ್’ ಎಂದಿತ್ತು. ಕೆಳಗೆ ಎರಡು ಚೌಕ. ಇಲ್ಲೇ ಮಣ್ಣು ಮಾಡುವುದೋ, ಊರಿಗೆ ಕಳಿಸುವುದೋ, ಹೆಂಡತಿಯೇ ಹೇಳಬೇಕು ಎಂದ.

"ಎಂತ ಕೇಳ್ತಿದ್ದಾರೆ?"

"ಇಲ್ಲೇ..." ಎಂದೆ. "ಇಲ್ಲೇ ಇರೋದಾ, ಊರಿಗೆ ಕರ್ಕೊಂಡು ಹೋಗೋದಾ ಅಂತ."

"ಇಲ್ಲೇ ಇರ್ಲಿ!" ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಈ ಸ್ಥಿತೀಲಿ ಅಷ್ಟು ದೂರ ಅಲುಗಾಡಿಸಿದ್ರೆ ತಡ್ಕೋತಾರಾ? ಇಲ್ಲೇ ಇರ್ಲಿ, ವಾಸಿಯಾಗೋವರೆಗೂ ನಾನೂ ಇಲ್ಲೇ ಇರ್ತೀನಿ." ಹಾಗೆನ್ನುತ್ತಾ ಬೆರಳಿನಿಂದ ನೆಲವನ್ನು ಮೂರು ಸಲ ತೋರಿಸಿದಳು.

ಬೆರಳಿನ ಭಾಷೆಗೆ ಯಾರ ಅನುವಾದವೂ ಬೇಕಾಗಲಿಲ್ಲ. ಗುಮಾಸ್ತ ತಲೆಯಾಡಿಸಿ, ಪೆನ್ನನ್ನು ಮೊದಲ ಚೌಕಕ್ಕೆ ಇಳಿಸಿದ. ನಾನು ಎದ್ದು ಅವನ ಮುಂಗೈ ಹಿಡಿದೆ.

ಲಲಿತಮ್ಮ ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ.

ಇಪ್ಪತ್ತು ವರ್ಷ ಮಾತು ಕಲಿಸಿದವನಿಗೆ ಒಂದೂ ಮಾತು ಸಿಗಲಿಲ್ಲ. "ಲಲಿತಮ್ಮ, ನಾಗೇಶ ಇಲ್ಲ" ಎಂದೆ.

"ಇಲ್ಲಾಂದ್ರೆ? ಬೇರೆ ಆಸ್ಪತ್ರೆಗೆ ಹಾಕಿದ್ದಾರಾ?"

"ಹೋಗಿಬಿಟ್ಟ."

"ಎಲ್ಲಿಗೆ?"

ನಿಜವಾಗಿ ತಿಳಿಯದೆ ಕೇಳಿದಳೋ, ನನ್ನ ಬಾಯಿಂದಲೇ ಬರಲಿ ಎಂದು ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. "ಸತ್ತುಹೋದ" ಎಂದೆ.

ಅವಳು ಅಳಲಿಲ್ಲ. ಚೀಲವನ್ನು ಮಡಿಲಿನಿಂದ ಮೇಜಿನ ಮೇಲಿಟ್ಟಳು. "ಯಾವತ್ತು?"

"ಹೋದ ಗುರುವಾರ."

ಬೆರಳು ಮಡಿಸಿ ಎಣಿಸಿದಳು. "ಶುಕ್ರವಾರ ಹೊರನಾಡಿಗೆ ಹೋಗಿ ಹರಕೆ ಹೊತ್ತೆ. ನಿನ್ನೆ ಕೋಳಿ ತಿಂದೆ. ನಕ್ಕೆ." ಮಡಿಸಿದ ಬೆರಳು ಬಿಚ್ಚಿ, "ಊರಲ್ಲಿ ಎಲ್ಲಾರಿಗೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳ ಕೈ ತನ್ನಷ್ಟಕ್ಕೆ ತಲೆಯ ಹಿಂದಕ್ಕೆ ಹೋಯಿತು. ಹೂ ಅಲ್ಲಿರಲಿಲ್ಲ, ಬೆಳಿಗ್ಗೆಯೇ ತೆಗೆದಿದ್ದಳು. "ಅದಕ್ಕೇ ಹೂ ಮುಡಿಸಿದ್ರಾ" ಎಂದಳು. "ಕೊನೇ ಸಲ ಅಂತ ಅವರಿಗೆಲ್ಲ ಗೊತ್ತಿತ್ತು. ನಂಗೊಬ್ಬಳಿಗೇ ಗೊತ್ತಿರ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು.

"ಘಾಟೀಲಿ ನಾ ನಿಮ್ಮನ್ನ ಕೇಳಿದ್ದೆ."

"ಹೌದು."

"ನೀವು ಅದೆ ಅಂದ್ರಿ."

ನಮ್ಮ ಮಾತು ತಿಳಿಯದ ಗುಮಾಸ್ತ ಅವಳನ್ನೂ ನನ್ನನ್ನೂ ನೋಡುತ್ತಿದ್ದವನು, ಮೆಲ್ಲಗೆ ಇಂಗ್ಲಿಷಿನಲ್ಲಿ, "ಇವರಿಗೆ ಇಲ್ಲಿವರೆಗೂ ಹೇಳಿರಲಿಲ್ಲವೇ ಸರ್?" ಎಂದ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೇಸಿಗೆ. ಒಂದು ಲೋಟ ನೀರನ್ನು ತಾನೇ ತಂದು ಅವಳ ಮುಂದಿಟ್ಟ. ಅವಳು ಎರಡನೇ ಚೌಕದ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಸಹಿ ಹಾಕಿದಳು.

ಫೋನು

ಊರಿಗೆ ತಿಳಿಸಬೇಕಿತ್ತು. ಗುಮಾಸ್ತ ತನ್ನ ಫೋನನ್ನೇ ನಮ್ಮ ಕಡೆ ತಿರುಗಿಸಿದ. ಸ್ಕೂಲಿನ ನಂಬರು ಒತ್ತಿದೆ. ಅಲ್ಲಿ ಸುದ್ದಿಗೆ ಕಾದು ಕೂತಿದ್ದ ರಾಮೇಗೌಡರೇ ಎತ್ತಿದರು. ಹೇಳಿದ್ದೇನೆ, ಕರೆತರುತ್ತಿದ್ದೇವೆ ಎಂದೆ. ಅವರು ದನಿ ತಗ್ಗಿಸಿ, "ಸುಮಂಗೆ ಗೊತ್ತಿಲ್ಲ ಮೇಷ್ಟ್ರೇ. ಅಪ್ಪಂಗೆ ಸ್ವಲ್ಪ ಸೀರಿಯಸ್ ಅಂದಿದ್ದೀವಿ. ಪೆಟ್ಟಿಗೆ ಬರೋ ದಿನ ಅಂಗಳಕ್ಕೆ ಕರ್ಕೊಂಡು ಬಂದ್ರಾಯ್ತು" ಎಂದರು.

ಪಕ್ಕದಲ್ಲಿದ್ದ ಲಲಿತಮ್ಮನಿಗೆ ಕೇಳಿಸಿತು. ನನ್ನ ಕೈಯಿಂದ ರಿಸೀವರು ತೆಗೆದುಕೊಂಡಳು. "ಭಾವ, ಸುಮನ್ನ ಕರೀರಿ" ಎಂದಳು. ಆ ಕಡೆಯಿಂದ ಅವರು ಏನೋ ಹೇಳಲು ಹೋದರು. "ಈಗ್ಲೇ ಕರೀರಿ" ಎಂದಳು.

ಮಗಳು ತರಗತಿಯಿಂದ ಎದ್ದು ಬರುವವರೆಗೆ ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಸುಮ, ನಾನು ಅಮ್ಮ. ಅಪ್ಪ ಸತ್ತುಹೋದ್ರು ಮಗಾ. ಹೌದು. ಸೀರಿಯಸ್ ಅಲ್ಲ, ಸತ್ತುಹೋದ್ರು. ಹೋದ ಗುರುವಾರ. ನಂಗೂ ಈಗ್ಲೇ ಹೇಳಿದ್ದು. ಇಲ್ಲ, ಮುಖ ಇನ್ನೂ ನೋಡಿಲ್ಲ. ಭಾನುವಾರ ಕರ್ಕೊಂಡು ಬರ್ತೀನಿ."

ಆ ಕಡೆಯ ಕೂಗು ನನಗೂ ಕೇಳಿಸಿತು. ಲಲಿತಮ್ಮನ ಕೆನ್ನೆಯ ಮೇಲೆ ಆಗ ನೀರು ಇಳಿಯಿತು, ಆದರೆ ದನಿ ನಡುಗಲಿಲ್ಲ. "ಅಳು ಮಗಾ. ಅಳು. ನಾ ಫೋನು ಇಡಲ್ಲ" ಎಂದಳು. ಗುಮಾಸ್ತ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ನಾನೂ ಅವನ ಹಿಂದೆ ಹೋದೆ.

ಆಸ್ಪತ್ರೆಯಲ್ಲಿ ಹೆಣ ಇಡುವ ತಣ್ಣನೆಯ ಕೋಣೆಗೆ ಅವಳು ನನ್ನನ್ನು ಕರೆಯಲಿಲ್ಲ. ಸಾಲಿಂ ಜೊತೆಗೆ ಹೋದ. ಚೀಲದಲ್ಲಿದ್ದ ನೀಲಿ ಅಂಗಿಯನ್ನು ಹಾಕಿಸಿ ಬಂದಳು. ಕಾಫಿಪುಡಿಯನ್ನು ಸಾಲಿಂನ ಕೈಗೆ ಕೊಟ್ಟಳು. ಮುಂದಿನ ನಾಲ್ಕು ದಿನ, ವಿಮಾನದಲ್ಲಿ, ಘಾಟಿಯಲ್ಲಿ, ಅವಳು ನನ್ನ ಹತ್ತಿರ ಒಂದು ಮಾತನ್ನೂ ಆಡಲಿಲ್ಲ.

ಮತ್ತೆ ಬಾಳೂರು

ಭಾನುವಾರ ಸಂಜೆ ವ್ಯಾನು ಕೊನೆಯ ತಿರುವು ದಾಟಿದಾಗ ಅಂಗಳದ ತುಂಬ ಜನ ನಿಂತಿದ್ದರು. ಹೇಳುವುದಕ್ಕೆ ಅವರಿಗೆ ಏನೂ ಉಳಿದಿರಲಿಲ್ಲ. ಸುಮ ಒಬ್ಬಳೇ ರಸ್ತೆಯವರೆಗೆ ನಡೆದು ಬಂದು ವ್ಯಾನಿನ ಬಾಗಿಲು ತೆಗೆದಳು.

ಮರುವರ್ಷ ಅವಳು ಹತ್ತನೇ ತರಗತಿ. ಫ್ರೇಸಲ್ ವರ್ಬ್‌ಗಳ ಪುಟವನ್ನು ಎರಡು ವಾರ ಮುಂದೆ ಹಾಕಿದೆ. ಪರೀಕ್ಷೆಗೆ ಬರುವ ಪಾಠ, ಎಷ್ಟು ದಿನ ಅಂತ ಬಿಡುವುದು? ಒಂದು ದಿನ ಹಲಗೆಯ ಮೇಲೆ ‘ಪಾಸ್ ಅವೇ’ ಎಂದು ಬರೆದು, ಇದಕ್ಕೆ ಬೇರೆ ಮಾತು ಹೇಳಿ ಎಂದೆ, ಮಕ್ಕಳ ಕಡೆ ತಿರುಗದೆ. ಮುಂದಿನ ಬೆಂಚಿನವನು "ಎಕ್ಸ್‌ಪೈರ್" ಎಂದ. ಇನ್ನೊಬ್ಬ "ಪಾಸ್ ಆನ್" ಎಂದ. ಆಮೇಲೆ ಎಲ್ಲರಿಗೂ ನೆನಪಾಗಿರಬೇಕು, ತರಗತಿ ಸುಮ್ಮನಾಯಿತು.

ಬೆಂಚು ಸರಿದ ಸದ್ದಾಯಿತು. "ಡೈ, ಸಾರ್" ಎಂದಳು ಸುಮ.

ತಿರುಗಿ ನೋಡಿದೆ. ಅವಳು ತಾಯಿಯ ಹಾಗೆಯೇ ನೆಟ್ಟಗೆ ನನ್ನ ಮುಖ ನೋಡುತ್ತಾ ನಿಂತಿದ್ದಳು. ನಾನು ಆ ಮೂರು ಅಕ್ಷರಗಳನ್ನು ಹಲಗೆಯ ಮೇಲೆ ಬರೆದೆ.

"ಅದು ಒರಟು, ಬಳಸಬಾರದು ಅಂತ ಹೋದ ವರ್ಷ ನೀವೇ ಹೇಳಿದ್ರಲ್ಲ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು.

"ತಪ್ಪು ಹೇಳಿದ್ದೆ" ಎಂದೆ.

ಸುಮ ಕೂತುಕೊಂಡು, ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.